ಇಳಕಲ್ ಕೊಂಡಿ, ಆರು ಜನ, ಹತ್ತು ನಿಮಿಷದ ವಿಡಿಯೋ

ಪತ್ರಿಕೋದ್ಯಮ ಓದುವವರಿಗೆ ಕೊನೆಯ ವರ್ಷ ಗುಂಪಾಗಿ ಒಂದು ಡಾಕ್ಯುಮೆಂಟರಿ ಮಾಡುವ ಕೆಲಸ ಕೊಡುತ್ತಾರೆ. ಬಾಗಲಕೋಟೆಯ ನಮ್ಮ ಕಾಲೇಜಿನಲ್ಲೂ ಕೊಟ್ಟರು. ಆರು ಜನರ ಗುಂಪು, ಹತ್ತು ನಿಮಿಷದ ವಿಡಿಯೋ, ವಿಷಯ ನಮ್ಮಿಷ್ಟ. ಕೈಯಲ್ಲಿ ಮೊಬೈಲ್ ಇದೆ, ದಿನಾ ರೀಲ್ಸ್ ಮಾಡ್ತೀರಿ, ಇದರಲ್ಲಿ ಕಷ್ಟ ಏನಿದೆ ಅಂತ ಬೇರೆ ವಿಭಾಗದ ಗೆಳತಿಯರು ಕೇಳುತ್ತಿದ್ದರು. ಮಾಡಿ ಮುಗಿಸಿದ ಮೇಲೆ ನನಗೆ ಅನಿಸಿದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಗುಂಪಿನ ವಿಡಿಯೋ ನಿಲ್ಲುವುದು ತೆರೆಯ ಮೇಲೆ ಕಾಣದ ಕೆಲಸಗಳ ಮೇಲೆ. ಮಾತು ಸರಿಯಾಗಿ ಕೇಳುವ ಹಾಗೆ ಹಿಡಿಯುವುದು, ಯಾವ ಶಾಟ್ ಎಲ್ಲಿದೆ ಅಂತ ಬರೆದಿಡುವುದು, ಎದುರಿಗಿರುವವರ ಒಪ್ಪಿಗೆ ಕೇಳುವುದು, ಫೈಲ್ ಕಳೆಯದಂತೆ ಕಾಯುವುದು. ಇವಕ್ಕೆ ಯಾರೂ ತಾವಾಗಿ ಕೈ ಎತ್ತುವುದಿಲ್ಲ. ನಮ್ಮ ಗುಂಪಿನಲ್ಲಿ ಧ್ವನಿ ಮತ್ತು ಬರೆದಿಡುವ ಕೆಲಸ ನನ್ನ ಪಾಲಿಗೆ ಬಂತು. ಅದಕ್ಕೇ ಈ ಕಥೆಯನ್ನು ಆ ಕಡೆಯಿಂದ ಹೇಳುತ್ತಿದ್ದೇನೆ.

ವಿಷಯ ಆರಿಸುವುದರಲ್ಲೇ ಸಾಕಷ್ಟು ಹೊತ್ತು ಹೋಯಿತು. ಆರು ಜನಕ್ಕೆ ಆರು ವಿಷಯ. ಒಬ್ಬನಿಗೆ ಪಟ್ಟದಕಲ್ಲು ಬೇಕು. ಇನ್ನೊಬ್ಬಳಿಗೆ ಕೂಡಲಸಂಗಮ. ಹಳೇ ಬಾಗಲಕೋಟೆಯಲ್ಲಿ ಮನೆ ಕಳೆದುಕೊಂಡ ಕುಟುಂಬದಿಂದ ಬಂದ ಗೆಳೆಯನಿಗೆ ಆಲಮಟ್ಟಿ ಹಿನ್ನೀರಿನ ಮುಳುಗಡೆಯ ಕಥೆ ಹೇಳಬೇಕು. ಅಮೀನಗಡದ ಕರದಂಟು, ಗುಳೇದಗುಡ್ಡದ ಖಣ, ಇಳಕಲ್ ಸೀರೆ, ಹೀಗೆ ಪಟ್ಟಿ ಬೆಳೆಯಿತು. ಎಲ್ಲವೂ ಒಳ್ಳೆಯ ವಿಷಯಗಳೇ. ಪಟ್ಟದಕಲ್ಲು 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ, ಕ್ಯಾಮೆರಾಕ್ಕೆ ಅದಕ್ಕಿಂತ ಚೆಂದದ ಜಾಗ ಸಿಗುವುದು ಕಷ್ಟ. ಆದರೆ ಅಂಥ ಸ್ಮಾರಕದಲ್ಲಿ ಸರಿಯಾಗಿ ಚಿತ್ರೀಕರಣ ಮಾಡಬೇಕಂದ್ರೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಡ್ರೋನ್ ಹಾರಿಸುವ ಆಸೆ ಇದ್ದರೆ ಅದಕ್ಕೆ ಇನ್ನೊಂದು ಸುತ್ತಿನ ಅನುಮತಿ. ಸೆಮಿಸ್ಟರ್ ಮುಗಿಯುವುದರೊಳಗೆ ಇದೆಲ್ಲ ಆಗುತ್ತದೆ ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ.

ಕೊನೆಗೆ ಇಳಕಲ್ ಗೆದ್ದಿತು. ಗುಂಪಿನ ಒಬ್ಬ ಗೆಳತಿಯ ಸೋದರತ್ತೆಯ ಮನೆ ಅಲ್ಲಿದೆ, ಆ ಓಣಿಯಲ್ಲಿ ಇನ್ನೂ ಕೈಮಗ್ಗ ನಡೆಯುತ್ತದೆ ಅನ್ನುವುದೇ ಮುಖ್ಯ ಕಾರಣ. ವಿದ್ಯಾರ್ಥಿಗಳ ವಿಡಿಯೋಗೆ ಇದಕ್ಕಿಂತ ಗಟ್ಟಿ ಕಾರಣ ಬೇಡ ಅಂತ ಈಗಲೂ ಹೇಳುತ್ತೇನೆ. ಬಾಗಿಲು ತೆಗೆದು ಒಳಗೆ ಕರೆಯುವ ಒಂದು ಮನೆ ಇದ್ದರೆ ಅರ್ಧ ಕೆಲಸ ಆದ ಹಾಗೆ.

ಆದರೆ ಇಳಕಲ್ ಸೀರೆ ಅಂದರೆ ಅದೂ ದೊಡ್ಡ ವಿಷಯವೇ. ನಮ್ಮ ಮೊದಲ ಸ್ಕ್ರಿಪ್ಟ್ ಜೇಡರ ದಾಸಿಮಯ್ಯನಿಂದ ಶುರುವಾಗಿ, ಕೆಲವು ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ 1985ರ ಕಾಯ್ದೆ ದಾಟಿ, ಜಿಐ ಟ್ಯಾಗ್, ಪವರ್‌ಲೂಮ್ ಪೈಪೋಟಿ, ಕಸೂತಿ, ಆನ್‌ಲೈನ್ ಮಾರಾಟದವರೆಗೂ ಬಂದಿತ್ತು. ಅದನ್ನು ಓದಿದ ನಮ್ಮ ಮೇಡಂ ಒಂದೇ ಪ್ರಶ್ನೆ ಕೇಳಿದರು: "ಇದರಲ್ಲಿ ನೀವು ಕಣ್ಣಾರೆ ನೋಡಿದ್ದು ಯಾವುದು?" ಗೆಳತಿ ಚಿಕ್ಕಂದಿನಲ್ಲಿ ಅತ್ತೆಯ ಮನೆಯಲ್ಲಿ ನೋಡಿದ ಕೊಂಡಿ ಕೆಲಸದ ಬಗ್ಗೆ ಹೇಳಿದಳು. ಮೇಡಂ ಅದನ್ನಷ್ಟೇ ಉಳಿಸಿ, ಉಳಿದಿದ್ದನ್ನು ಬಿಡಿ ಅಂದರು. ಬಿಡುವುದಕ್ಕೆ ಎಲ್ಲರಿಗೂ ಸಂಕಟವಾಯಿತು. ಕಾಯ್ದೆಯ ಭಾಗ ಬರೆದಿದ್ದವನು ಗ್ರಂಥಾಲಯದಲ್ಲಿ ಕೂತು ಓದಿ ಬರೆದಿದ್ದ, ಅವನ ಬೇಸರ ನ್ಯಾಯವಾದದ್ದೇ. ಆದರೂ ಹತ್ತು ನಿಮಿಷಕ್ಕೆ ಆ ಒಂದು ಕೆಲಸ ಸಾಕಿತ್ತು, ಸಾಕಾಗಿ ಮಿಕ್ಕಿತು ಕೂಡ.

ಕೊಂಡಿ ಅಂದರೆ ಏನು ಅಂತ ಸ್ವಲ್ಪ ಹೇಳಲೇಬೇಕು. ಮಗ್ಗದ ಮೇಲೆ ಉದ್ದಕ್ಕೆ ಎಳೆದು ಕಟ್ಟುವ ನೂಲಿಗೆ ಹಾಸು ಅನ್ನುತ್ತಾರೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದ್ದು ಇರಬಹುದು, ಸೆರಗು ಕೆಂಪು ರೇಷ್ಮೆ. ಈ ಎರಡು ಹಾಸಿನ ಎಳೆಗಳನ್ನು ಒಂದಕ್ಕೊಂದು ಕುಣಿಕೆ ಹಾಕಿ ಕೂಡಿಸುತ್ತಾರೆ. ಅಗಲದ ಉದ್ದಕ್ಕೂ ಸಾವಿರಾರು ಎಳೆ. ಹೊಲಿಗೆ ಇಲ್ಲ, ಅಂಟು ಇಲ್ಲ. ಹೀಗಾಗಿ ಒಂದೇ ಹಾಸು ಹಾಕಿ ಸಾಲಾಗಿ ಸೀರೆ ನೇಯುತ್ತಾ ಹೋಗುವಂತಿಲ್ಲ. ಪ್ರತಿ ಸೀರೆಗೂ ಈ ಕೂಡಿಸುವ ಕೆಲಸ ಹೊಸದಾಗಿ ಆಗಬೇಕು. ನೂರಾರು ಸಲ ಇಳಕಲ್ ಸೀರೆ ನೋಡಿದ್ದೇನೆ, ನಮ್ಮ ಅಜ್ಜಿ ಉಡುತ್ತಿದ್ದದ್ದೇ ಅದು. ಕೆಂಪು ಸೆರಗಿನ ಮೇಲೆ ತೋಪ ತೆನಿ ಅನ್ನುವ ಬಿಳಿ ವಿನ್ಯಾಸ ಎದ್ದು ಕಾಣುತ್ತದೆ. ಅದು ಒಡಲಿಗೆ ಸೇರುವ ಜಾಗವನ್ನು ಮಾತ್ರ ನಾನು ಯಾವತ್ತೂ ಬಗ್ಗಿ ನೋಡಿರಲಿಲ್ಲ.

ಕೆಲಸ ಹಂಚಿಕೊಳ್ಳುವಾಗ ನಡೆದದ್ದು ಎಲ್ಲ ಗುಂಪಿನಲ್ಲೂ ನಡೆಯುವಂಥದ್ದೇ ಇರಬೇಕು. ಕ್ಯಾಮೆರಾಕ್ಕೆ ಮೂವರು. ನಿರ್ದೇಶನಕ್ಕೆ ಇಬ್ಬರು. ಎಡಿಟಿಂಗ್ ಯಾರದು ಅಂದರೆ, ಯಾರ ಲ್ಯಾಪ್‌ಟಾಪ್ ಚೆನ್ನಾಗಿದೆಯೋ ಅವರದು. ಧ್ವನಿ ಯಾರದು ಅಂದಾಗ ಎಲ್ಲರೂ ಸುಮ್ನೆ ಕೂತರು. ಧ್ವನಿ ಅಂದರೆ ಮೈಕ್ ಸಿಕ್ಕಿಸುವುದು ಅಷ್ಟೇ ಅಲ್ವಾ, ಅದಕ್ಕೊಬ್ಬರು ಯಾಕೆ ಅಂತ ಒಬ್ಬ ಕೇಳಿದ. ನನಗೆ ರೇಡಿಯೋ ಕೇಳುವ ಹುಚ್ಚು ಇದೆ, ಆದ್ದರಿಂದ ತೆಗೆದುಕೊಂಡೆ.

ಸಮಯ ಹೊಂದಿಸುವುದು ಇನ್ನೊಂದು ದೊಡ್ಡ ತಲೆನೋವು. ಒಬ್ಬ ಗೆಳೆಯ ಕಾಲೇಜು ಮುಗಿಸಿ ಸಂಜೆ ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ರಜೆ ಹಾಕಿದರೆ ಆ ದಿನದ ಸಂಬಳ ಇಲ್ಲ. ಮೊದಮೊದಲು ಅವನು ಶೂಟಿಂಗ್‌ಗೆ ಬರುವುದಿಲ್ಲ ಅಂತ ಗುಂಪಿನಲ್ಲಿ ಗೊಣಗಾಟ ಇತ್ತು. ಕೆಲಸಕ್ಕೆ ಬಾರದವನಿಗೂ ನಮಗೂ ಒಂದೇ ಅಂಕವಾ ಅಂತ. ಅವನಿಗೆ ಬೇರೆ ಕೆಲಸ ಹುಡುಕಿದೆವು. ರಾತ್ರಿ ಹತ್ತರ ಮೇಲೆ ಅವನು ನಮ್ಮ ಸಂದರ್ಶನಗಳನ್ನು ಕೇಳುತ್ತಾ, ಒಂದೊಂದು ಮಾತನ್ನೂ ಯಾವ ನಿಮಿಷ, ಯಾವ ಸೆಕೆಂಡಿನಲ್ಲಿದೆ ಅಂತ ಬರೆದು ಟೈಪ್ ಮಾಡಿದ. ಕೊನೆಗೆ ಇಡೀ ವಿಡಿಯೋ ನಿಂತದ್ದು ಆ ಹಾಳೆಗಳ ಮೇಲೆ. ಮನೆಯ ಕಷ್ಟ ಇರುವವರನ್ನು ಸೋಮಾರಿ ಅಂತ ಕರೆಯುವುದು ಗುಂಪಿನ ಕೆಲಸದಲ್ಲಿ ತುಂಬ ಬೇಗ ಶುರುವಾಗುತ್ತದೆ. ಅದನ್ನು ಅಲ್ಲೇ ತಡೆಯಬೇಕು.

ಇನ್ನೊಬ್ಬ ಗೆಳತಿಯ ಮನೆಯಲ್ಲಿ ಹುಡುಗರ ಜೊತೆ ಊರೂರು ತಿರುಗುವುದಕ್ಕೆ ಒಪ್ಪಲಿಲ್ಲ. ನಾವು ಮೂವರು ಹುಡುಗಿಯರು ಅವರ ಮನೆಗೆ ಹೋಗಿ ಅವಳ ತಾಯಿಯ ಹತ್ತಿರ ಕೂತು ಮಾತಾಡಿದೆವು. ಯಾವ ಬಸ್ಸಿಗೆ ಹೋಗುತ್ತೇವೆ, ಯಾರ ಮನೆಯಲ್ಲಿ ಊಟ, ಎಷ್ಟೊತ್ತಿಗೆ ವಾಪಸ್, ಎಲ್ಲ ಹೇಳಿದೆವು. ಸೋದರತ್ತೆಯ ಫೋನ್ ನಂಬರ್ ಕೊಟ್ಟ ಮೇಲೆ ಅವರು ಒಪ್ಪಿದರು. ಶೂಟಿಂಗ್ ಯೋಜನೆ ಅಂದರೆ ಶಾಟ್ ಪಟ್ಟಿ ಅಂತ ಪುಸ್ತಕದಲ್ಲಿ ಇರುತ್ತದೆ. ನಮ್ಮ ಕಡೆ ಅದರಲ್ಲಿ ಅವ್ವನ ಒಪ್ಪಿಗೆಯೂ ಸೇರಬೇಕು.

ದುಡ್ಡಿನ ವಿಷಯದಲ್ಲಿ ಒಂದು ಅನುಕೂಲ ಆಯಿತು. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಅಮೀನಗಡ, ಹುನಗುಂದ ದಾಟಿ ಇಳಕಲ್‌ಗೆ ಹೋಗಿ ಬರುವ ಖರ್ಚು ಹುಡುಗರದ್ದು ಮಾತ್ರ ಲೆಕ್ಕಕ್ಕೆ ಬಂತು. ಹಾಗೆ ಉಳಿದ ಹಣದಲ್ಲಿ ಒಂದು ಸಣ್ಣ ಕಾಲರ್ ಮೈಕ್ ಕೊಂಡೆವು. ಫೋನ್ ಅಲುಗಾಡದಂತೆ ಹಿಡಿಯುವ ಗಿಂಬಲ್ ಬಾಡಿಗೆಗೆ ತರೋಣ ಅಂತ ಕ್ಯಾಮೆರಾ ಹುಡುಗರು ಹಟ ಹಿಡಿದಿದ್ದರು. ಮೈಕ್ ಬೇಕೋ ಗಿಂಬಲ್ ಬೇಕೋ ಅನ್ನುವ ಜಗಳದಲ್ಲಿ ನಾನು ಬಿಟ್ಟುಕೊಡಲಿಲ್ಲ. ಚಿತ್ರ ಸ್ವಲ್ಪ ಅಲುಗಾಡಿದರೆ ನೋಡುವವರು ತಡೆದುಕೊಳ್ಳುತ್ತಾರೆ. ಮಾತು ಕೇಳಿಸದಿದ್ದರೆ ಅರ್ಧ ನಿಮಿಷದಲ್ಲಿ ಎದ್ದು ಹೋಗುತ್ತಾರೆ.

ಮೊದಲ ಸಲ ಹೋದಾಗ ಕ್ಯಾಮೆರಾ ಹೊರಗೆ ತೆಗೆಯಲೇ ಇಲ್ಲ. ಇದು ಮೇಡಂ ಹೇಳಿಕೊಟ್ಟದ್ದು, ಅದರಿಂದ ತುಂಬ ಉಪಕಾರವಾಯಿತು. ನೇಕಾರರ ಮನೆಯಲ್ಲಿ ಚಹಾ ಕುಡಿದು, ಮಗ್ಗದ ಪಕ್ಕ ನೆಲದ ಮೇಲೆ ಕೂತು ಸುಮ್ನೆ ನೋಡಿದೆವು. ಕುಣಿ ಮಗ್ಗ ಅದು. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ಮೆಟ್ಟುತ್ತಾರೆ. ಹಾಗಾಗಿ ನೇಯುವವರ ಮುಖ ತೀರಾ ಕೆಳಗೆ ಇರುತ್ತದೆ. ಟ್ರೈಪಾಡ್ ಇಟ್ಟರೆ ಅವರ ತಲೆಯ ನೆತ್ತಿ ಕಾಣುತ್ತದೆ, ಮುಖ ಕಾಣುವುದಿಲ್ಲ. ಫೋನನ್ನು ಹೆಚ್ಚುಕಮ್ಮಿ ನೆಲದ ಮಟ್ಟಕ್ಕೆ ಇಡಬೇಕು ಅನ್ನುವುದು ಅಲ್ಲಿ ಕೂತಾಗಲೇ ಗೊತ್ತಾದದ್ದು. ಕೋಣೆ ಸಣ್ಣದು. ಆರು ಜನ ಒಳಗೆ ನುಗ್ಗಿದರೆ ಮನೆಯವರು ಹೊರಗೆ ನಿಲ್ಲಬೇಕಾಗುತ್ತದೆ. ಒಂದು ಸಲಕ್ಕೆ ಮೂವರೇ ಒಳಗೆ, ಉಳಿದವರು ಓಣಿಯ ದೃಶ್ಯ ತೆಗೆಯಬೇಕು ಅಂತ ಅಲ್ಲೇ ಗೊತ್ತುಮಾಡಿದೆವು.

ಶೂಟಿಂಗ್ ದಿನ ಮೊದಲ ಪೆಟ್ಟು ಧ್ವನಿಯಿಂದಲೇ. ಕೈಮಗ್ಗದ ಸದ್ದು ನನಗೆ ಇಷ್ಟ. ಲಾಳಿ ಓಡುವುದು, ಹಲಗೆ ಬಡಿಯುವುದು, ಕಾಲ ಕೆಳಗೆ ಮೆಟ್ಟು ಕಿರುಗುಟ್ಟುವುದು. ಆದರೆ ಪಕ್ಕದ ಮನೆಯಲ್ಲಿ ಪವರ್‌ಲೂಮ್ ಇತ್ತು. ಗೋಡೆಯೇ ನಡುಗುವ ಹಾಗೆ ಒಂದೇ ಸಮನೆ ಬಡಿತ. ಮನೆಯವರಿಗೆ ಅದು ಕೇಳಿಸುವುದೇ ಇಲ್ಲ, ಅಷ್ಟು ರೂಢಿ. ನನ್ನ ಹೆಡ್‌ಫೋನ್‌ನಲ್ಲಿ ಮಾತ್ರ ಎಲ್ಲ ಮಾತಿನ ಹಿಂದೆಯೂ ಅದೇ. ಕೈಮಗ್ಗದ ಬಗ್ಗೆ ಹೇಳುವ ವಿಡಿಯೋದಲ್ಲಿ ಪವರ್‌ಲೂಮ್ ಸದ್ದು ತುಂಬಿಕೊಂಡರೆ ನೋಡುವವರು ಏನು ಅಂದುಕೊಳ್ಳಬೇಕು? ಅದನ್ನು ನಿಲ್ಲಿಸಿ ಅಂತ ಕೇಳುವ ಹಕ್ಕು ನಮಗಿಲ್ಲ, ಅದು ಅವರ ದುಡಿಮೆ. ನಮಗೆ ಸಂದರ್ಶನ ಕೊಡುವವರನ್ನೂ, ಸ್ವಲ್ಪ ಮಗ್ಗ ನಿಲ್ಲಿಸ್ತೀರಾ ಅಂತ ಕೇಳಿದಾಗ ಹಿರಿಯ ನೇಕಾರರು ಮೆತ್ತಗೆ ಹೇಳಿದರು, "ಈಗ ನಿಲ್ಲಸಾಕ ಆಗಂಗಿಲ್ಲ ತಂಗಿ, ಇವತ್ತ ಈ ಸೀರಿ ಮುಗೀಬೇಕು." ಅವರಿಗೆ ಕೂಲಿ ಸೀರೆಯ ಲೆಕ್ಕದಲ್ಲಿ. ನಮ್ಮ ಒಂದು ಗಂಟೆ ಅವರ ಒಂದು ಗಂಟೆಯ ಕೂಲಿ. ಇದನ್ನು ಗುಂಪಿನಲ್ಲಿ ಎಲ್ಲರೂ ಅರ್ಥ ಮಾಡಿಕೊಂಡ ಮೇಲೆ ನಮ್ಮ ಕೆಲಸದ ರೀತಿಯೇ ಬದಲಾಯಿತು. ಮಗ್ಗ ನಡೆಯುವಾಗ ಚಿತ್ರ ಮಾತ್ರ. ಅವರು ಊಟಕ್ಕೆ ಎದ್ದಾಗ, ಅವರೇ ಕೂತು ಮಾತಾಡುತ್ತೇವೆ ಅಂದರೆ ಆಗ ಮಾತು.

ಪವರ್‌ಲೂಮ್ ಊಟದ ಹೊತ್ತಿಗೆ ನಿಲ್ಲುತ್ತದೆ ಅಂತ ಗೊತ್ತಾಯಿತು. ಆ ಹೊತ್ತಿಗೆ ಹಿತ್ತಿಲ ಕಡೆಯ ಕೋಣೆಯಲ್ಲಿ, ರೊಟ್ಟಿ ಬಡಿಯುವ ಸದ್ದು ನಿಂತ ಮೇಲೆ ರೆಕಾರ್ಡ್ ಮಾಡಿದೆವು. ಕಾಲರ್ ಮೈಕನ್ನು ರೇಷ್ಮೆ ದಡಿಗೆ ಸಿಕ್ಕಿಸಿದರೆ ಪ್ರತಿ ಉಸಿರಿಗೂ ಸರಸರ ಅನ್ನುತ್ತದೆ. ಅದನ್ನು ಒಂಚೂರು ಮೇಲೆ, ಕುಪ್ಪಸದ ಹತ್ತಿ ಬಟ್ಟೆಗೆ ಹಾಕಿಕೊಳ್ಳಲು ಗೆಳತಿ ಒಳಗೆ ಕರೆದುಕೊಂಡು ಹೋಗಿ ಸಹಾಯ ಮಾಡಿದಳು. ಇಂಥ ಕೆಲಸಕ್ಕೆ ಗುಂಪಿನಲ್ಲಿ ಹುಡುಗಿಯರು ಇರಲೇಬೇಕು. ಇನ್ನೊಂದು ತೊಂದರೆ ಫೋನಿನದ್ದು. ಎದುರಿನವರು ಮಾತು ನಿಲ್ಲಿಸಿದ ಕೂಡಲೇ ಫೋನ್ ತಾನಾಗಿ ಧ್ವನಿಯ ಮಟ್ಟ ಏರಿಸುತ್ತದೆ. ಆಗ ದೂರದ ಹಾರ್ನ್, ಫ್ಯಾನು, ಕೋಳಿ ಎಲ್ಲ ಮುಂದೆ ಬರುತ್ತವೆ. ಮಟ್ಟವನ್ನು ಕೈಯಾರೆ ನಿಲ್ಲಿಸಿಡುವ ಆ್ಯಪ್ ಬಳಸಿದ ಮೇಲೆ ಸರಿಹೋಯಿತು. ಪ್ರತಿ ಕೋಣೆಯಲ್ಲೂ ಯಾರೂ ಮಾತಾಡದೆ ಒಂದು ನಿಮಿಷ ಆ ಕೋಣೆಯ ಸದ್ದನ್ನಷ್ಟೇ ರೆಕಾರ್ಡ್ ಮಾಡಿಕೊಂಡೆ. ಹುಡುಗರು ಟೈಮ್ ವೇಸ್ಟ್ ಅಂದರು. ಎಡಿಟಿಂಗ್‌ನಲ್ಲಿ ಎರಡು ಮಾತಿನ ನಡುವೆ ಕತ್ತರಿ ಬಿದ್ದ ಕಡೆಯೆಲ್ಲ ಅದನ್ನೇ ತುಂಬಿದೆವು.

ಬೆಳಕಿನ ಕಥೆ ಬೇರೆ. ಮಗ್ಗದ ಮನೆಯಲ್ಲಿ ಬೆಳಕು ಕಡಿಮೆ, ಒಂದು ಕಿಟಕಿ, ಒಂದು ಟ್ಯೂಬ್‌ಲೈಟ್. ಫೋನಿನ ಪರದೆಯಲ್ಲಿ ಕಪ್ಪು ಪಟ್ಟಿಗಳು ಮೇಲಿಂದ ಕೆಳಗೆ ಓಡುತ್ತಿದ್ದವು. ಫೋನ್ ಕೆಟ್ಟಿದೆ ಅಂತ ಮೊದಲು ಅನುಮಾನ ಬಂತು. ಅಸಲು ಕಾರಣ ಕರೆಂಟು. ನಮ್ಮ ದೇಶದ ವಿದ್ಯುತ್ 50 ಹರ್ಟ್ಸ್, ಅಂದರೆ ಆ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಫೋನ್ ತಾನಾಗಿ ಹಿಡಿಯುತ್ತಿದ್ದ ಶಟರ್ ವೇಗಕ್ಕೂ ಅದಕ್ಕೂ ತಾಳ ಕೂಡುತ್ತಿರಲಿಲ್ಲ. ಶಟರನ್ನು ಸೆಕೆಂಡಿನ ಐವತ್ತನೇ ಒಂದು ಭಾಗಕ್ಕೆ, ಚೌಕಟ್ಟುಗಳನ್ನು, ಅಂದರೆ ಫ್ರೇಮ್‌ಗಳನ್ನು, ಸೆಕೆಂಡಿಗೆ 25ಕ್ಕೆ ಇಟ್ಟ ಮೇಲೆ ಪಟ್ಟಿಗಳು ಮಾಯ. ಕೆಂಪು ಸೆರಗು ಮಾತ್ರ ಕೊನೆಯವರೆಗೂ ಕಾಡಿತು. ಆ ಕಡು ಕೆಂಪು ಫೋನಿನಲ್ಲಿ ಒಂದೇ ಬಣ್ಣದ ಗುಪ್ಪೆಯಾಗಿಬಿಡುತ್ತದೆ, ಎಳೆ ಕಾಣುವುದೇ ಇಲ್ಲ. ಬೆಳಕನ್ನು ಸ್ವಲ್ಪ ತಗ್ಗಿಸಿ, ಕಿಟಕಿಯ ಬೆಳಕು ಪಕ್ಕದಿಂದ ಬೀಳುವ ಹಾಗೆ ಕೂತು ತೆಗೆದಾಗ ನೇಯ್ಗೆ ಕಂಡಿತು.

ಕೊಂಡಿ ಹಾಕುವ ಶಾಟ್ ತೆಗೆದದ್ದು ಹಾಗೆಯೇ. ಆ ಮನೆಯಲ್ಲಿ ಕೊಂಡಿ ಹಾಕುವ ಅಕ್ಕ ನೆಲದ ಮೇಲೆ ಕೂತಿದ್ದರು. ಎಡಗೈಯಲ್ಲಿ ಒಡಲಿನ ಎಳೆ, ಬಲಗೈಯಲ್ಲಿ ರೇಷ್ಮೆಯ ಎಳೆ. ಬೆರಳಿನ ತುದಿಗೆ ಬಂದ ಕುಣಿಕೆಯೊಳಗೆ ಇನ್ನೊಂದು ಎಳೆ ಹೋಗುತ್ತದೆ, ಹೆಬ್ಬೆರಳು ಅದನ್ನು ಒತ್ತಿ ಮುಂದಕ್ಕೆ ಕಳಿಸುತ್ತದೆ, ಆಗಲೇ ಮುಂದಿನ ಎಳೆ ಕೈಗೆ ಬಂದಿರುತ್ತದೆ. ಅವರು ಕೈ ನೋಡುತ್ತಿರಲಿಲ್ಲ. ನಮ್ಮ ಜೊತೆ ಮಾತಾಡುತ್ತಾ, ನಡುವೆ ಒಲೆಯ ಮೇಲಿನ ಹಾಲು ನೋಡಲು ಮಗಳನ್ನು ಕಳಿಸುತ್ತಾ ಮಾಡುತ್ತಿದ್ದರು. ಒಂದು ಎಳೆ ತಪ್ಪಿತು ಅಂದರೆ ಬೆರಳಿಗೇ ಗೊತ್ತಾಗುತ್ತದೆ, ಕೈ ನಿಲ್ಲುತ್ತದೆ, ಹಿಂದೆ ಹೋಗಿ ಹಿಡಿಯುತ್ತದೆ. ನಾವು ಇಪ್ಪತ್ತು ಸೆಕೆಂಡಿನ ಶಾಟ್ ಸಾಕು ಅಂತ ಹೋದವರು. ಕ್ಯಾಮೆರಾ ಹಿಡಿದವನು ಆಫ್ ಮಾಡುವುದನ್ನೇ ಮರೆತು ನೋಡುತ್ತಾ ಕೂತ. ನಮ್ಮ ವಿಡಿಯೋದಲ್ಲಿ ಅತಿ ಉದ್ದದ ಶಾಟ್ ಅದೇ, ಅದರ ಮೇಲೆ ಒಂದು ಮಾತೂ ಇಲ್ಲ.

ಆದರೆ ಆ ಶಾಟ್ ತೆಗೆಯುವ ಮೊದಲೇ ಅಕ್ಕ ಒಂದು ಮಾತು ಹೇಳಿದ್ದರು. "ಕೈ ತಗೀರಿ, ಎಷ್ಟ ಬೇಕಾದ್ರೂ ತಗೀರಿ. ನನ್ನ ಮಾರಿ ಬರಬಾರ್ದು ನೋಡ್ರಿ." ಯಾಕೆ ಅಂತ ನಾವು ಒತ್ತಾಯ ಮಾಡಲಿಲ್ಲ. ಮೊಬೈಲಿನಲ್ಲಿ ಮುಖ ಹೋದರೆ ಎಲ್ಲೆಲ್ಲಿಗೆ ಹೋಗುತ್ತದೆ ಅನ್ನುವ ಅಂಜಿಕೆ ಈಗ ಎಲ್ಲ ಮನೆಯಲ್ಲೂ ಇದೆ, ಅದು ಸಹಜ. ಸಮಸ್ಯೆ ಬಂದದ್ದು ಆಮೇಲೆ. ಬೇರೆ ಕೋನದಿಂದ ತೆಗೆದ ಒಂದು ಶಾಟ್‌ನಲ್ಲಿ ಅವರು ನಗುತ್ತಾ ತಿರುಗಿದ್ದು ಬಂದಿತ್ತು. ಬೆಳಕು, ನಗು, ಕೈ, ಎಲ್ಲ ಒಟ್ಟಿಗೆ. ನಮ್ಮ ಬಳಿ ಇದ್ದುದರಲ್ಲಿ ಅತಿ ಚೆಂದದ ಚಿತ್ರ ಅದು, ಸುಳ್ಳು ಹೇಳುವುದಿಲ್ಲ. ಎರಡೇ ಸೆಕೆಂಡು, ಯಾರಿಗೂ ಗೊತ್ತಾಗಲ್ಲ, ಇಡೋಣ ಅಂತ ಇಬ್ಬರು. ಬೇಡವೇ ಬೇಡ ಅಂತ ಮೂವರು. ವಾಟ್ಸಾಪ್ ಗುಂಪಿನಲ್ಲಿ ರಾತ್ರಿಯೆಲ್ಲ ಇದೇ ಚರ್ಚೆ, ಬೆಳಗ್ಗೆ ಎದ್ದರೆ ನೂರಾರು ಮೆಸೇಜು. ಒಬ್ಬ ಗುಂಪು ಬಿಟ್ಟು ಹೋಗಿ ಮತ್ತೆ ಸೇರಿದ.

ಇಂಥ ಮಾತು ಮೆಸೇಜಿನಲ್ಲಿ ಬಗೆಹರಿಯುವುದಿಲ್ಲ. ಕ್ಯಾಂಟೀನಿನಲ್ಲಿ ಎಲ್ಲರೂ ಎದುರುಬದುರು ಕೂತೆವು. ಆ ಶಾಟ್ ತೆಗೆದವನೇ ಕೊನೆಗೆ, ಅವರು ಬೇಡ ಅಂದಿದ್ದಾರೆ, ತೆಗೆದುಬಿಡೋಣ ಅಂದ. ನನಗೆ ಅವನ ಮೇಲೆ ಗೌರವ ಹೆಚ್ಚಿತು. ಆ ಫೈಲನ್ನು ಅಳಿಸಿಯೂ ಹಾಕಿದೆವು. ಇಟ್ಟುಕೊಂಡರೆ ಎಂದಾದರೂ ಯಾರಾದರೂ ಹಾಕಿಯೇ ಹಾಕುತ್ತಾರೆ. ವಿದ್ಯಾರ್ಥಿಗಳ ವಿಡಿಯೋಗೆ ಕಾಗದದ ಒಪ್ಪಿಗೆ ಪತ್ರ ಇರಬೇಕು ಅಂತ ವಿಭಾಗದವರು ಹೇಳುತ್ತಾರೆ, ನಾವೂ ಕನ್ನಡದಲ್ಲಿ ಬರೆದು, ಓದಿ ಹೇಳಿ ಸಹಿ ತೆಗೆದುಕೊಂಡಿದ್ದೆವು. ಆದರೆ ಬಾಯಿಮಾತಿನಲ್ಲಿ ಹೇಳಿದ ಒಂದು 'ಬೇಡ'ಕ್ಕೂ ಅಷ್ಟೇ ಬೆಲೆ ಕೊಡಬೇಕು.

ಎಡಿಟಿಂಗ್ ಹೊತ್ತಿಗೆ ತಾಂತ್ರಿಕ ತೊಂದರೆಗಳು ಸಾಲುಗಟ್ಟಿ ಬಂದವು. ಮೂರು ಫೋನಿನಲ್ಲಿ ತೆಗೆದಿದ್ದೆವು. ಮೊದಮೊದಲ ಕೆಲವು ದೃಶ್ಯ 30 ಚೌಕಟ್ಟಿನಲ್ಲಿ, ಆಮೇಲಿನವು 25ರಲ್ಲಿ. ಅದಕ್ಕಿಂತ ಹೆಚ್ಚಿನ ತೊಂದರೆ ಎಂದರೆ ಫೋನುಗಳು ಚೌಕಟ್ಟಿನ ವೇಗವನ್ನು ಒಂದೇ ಸಮ ಇಡುವುದಿಲ್ಲ, ಆಗಾಗ ಹೆಚ್ಚುಕಡಿಮೆ ಮಾಡುತ್ತವೆ. ಮೈಕಿನ ಧ್ವನಿ ಬೇರೆ ರೆಕಾರ್ಡ್ ಆಗಿತ್ತು. ಸಂದರ್ಶನದ ಶುರುವಿನಲ್ಲಿ ತುಟಿಗೂ ಮಾತಿಗೂ ಸರಿಯಾಗಿ ಹೊಂದುತ್ತದೆ, ಕೊನೆಗೆ ಬರುವಷ್ಟರಲ್ಲಿ ಮಾತು ಮುಂದೆ, ತುಟಿ ಹಿಂದೆ. ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಎಲ್ಲ ಫೈಲನ್ನೂ ಸ್ಥಿರ ವೇಗಕ್ಕೆ ಬದಲಾಯಿಸಿಕೊಂಡ ಮೇಲೆ ಕೂಡಿಬಂತು. ಪ್ರತಿ ಟೇಕಿನ ಶುರುವಿನಲ್ಲಿ ಕ್ಯಾಮೆರಾ ಮುಂದೆ ಜೋರಾಗಿ ಒಂದು ಚಪ್ಪಾಳೆ ತಟ್ಟಿರುತ್ತಿದ್ದೆವು, ಧ್ವನಿ ಮತ್ತು ಚಿತ್ರ ಹೊಂದಿಸಲು ಅದೇ ಗುರುತು. ಯಾವ ಉಪಕರಣವೂ ಬೇಡದ ಈ ಉಪಾಯವನ್ನು ಎಲ್ಲರೂ ರೂಢಿಸಿಕೊಳ್ಳಬೇಕು.

ಫೈಲ್ ಹಂಚಿಕೊಳ್ಳುವಾಗ ವಾಟ್ಸಾಪ್‌ನಲ್ಲಿ ವಿಡಿಯೋ ಅಂತಲೇ ಕಳಿಸಿದರೆ ಅದು ಸಣ್ಣದಾಗಿ, ಮಸುಕಾಗಿ ಬರುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿದರೆ ಇದ್ದ ಹಾಗೇ ಹೋಗುತ್ತದೆ. ದೊಡ್ಡ ಫೈಲುಗಳನ್ನು ಮಾತ್ರ ಪೆನ್‌ಡ್ರೈವಿನಲ್ಲೇ ಒಯ್ಯುತ್ತಿದ್ದೆವು. ನನ್ನ ನೋಟ್‌ಬುಕ್ಕಿನಲ್ಲಿ ಪ್ರತಿ ಫೈಲಿಗೂ ಒಂದು ಸಾಲು: ದಿನಾಂಕ, ಯಾರ ಫೋನು, ಎಲ್ಲಿ, ಏನಿದೆ, ಧ್ವನಿ ಹೇಗಿದೆ. ರಾತ್ರಿ ಮನೆಗೆ ಬಂದ ಕೂಡಲೇ ಇನ್ನೊಂದು ಹಾರ್ಡ್ ಡಿಸ್ಕಿಗೆ ನಕಲು, ಅದು ಬೇರೆಯವರ ಮನೆಯಲ್ಲಿ. ಬೇಸರದ ಕೆಲಸ, ಹೌದು. ಎಡಿಟ್ ಮಾಡುವವನ ಲ್ಯಾಪ್‌ಟಾಪ್ ಒಂದು ಮಧ್ಯಾಹ್ನ ಆನ್ ಆಗಲೇ ಇಲ್ಲ. ಆಗ ನಮ್ಮ ಗುಂಪಿನಲ್ಲಿ ಯಾರೂ ಅಳಲಿಲ್ಲ. ಇನ್ನೊಂದು ಹಾರ್ಡ್ ಡಿಸ್ಕ್ ತಂದು ಕಾಲೇಜಿನ ಕಂಪ್ಯೂಟರಿನಲ್ಲಿ ಕೂತರು.

ಒಬ್ಬನೇ ಎಡಿಟ್ ಮಾಡುವಾಗ ಉಳಿದ ಐವರು ಹಿಂದೆ ನಿಂತು, ಇಲ್ಲಿ ಕಟ್ ಮಾಡು, ಅಲ್ಲಿ ಮ್ಯೂಸಿಕ್ ಹಾಕು ಅನ್ನುವುದು ಅವನಿಗೆ ಹಿಂಸೆ. ಅದರ ಬದಲು ಮೊಬೈಲ್ ಅಂಗಡಿಯ ಗೆಳೆಯ ಟೈಪ್ ಮಾಡಿದ್ದ ಹಾಳೆಗಳನ್ನು ಪ್ರಿಂಟ್ ತೆಗೆಸಿ, ಕತ್ತರಿಸಿ, ಖಾಲಿ ತರಗತಿಯ ನೆಲದ ಮೇಲೆ ಹರಡಿದೆವು. ಒಂದೊಂದು ಚೀಟಿ ಒಂದೊಂದು ಮಾತು. ಯಾವ ಮಾತು ಮೊದಲು, ಯಾವುದು ಆಮೇಲೆ ಅಂತ ಎಲ್ಲರೂ ನೆಲದ ಮೇಲೆ ಕೂತು ಜೋಡಿಸಿದೆವು. ಜಗಳ ಆದದ್ದೂ ಅಲ್ಲೇ, ಮುಗಿದದ್ದೂ ಅಲ್ಲೇ. ತನ್ನ ಚೀಟಿಯನ್ನು ತಾನೇ ಎತ್ತಿ ಪಕ್ಕಕ್ಕಿಡುವುದು, ಬೇರೆಯವರು ಕಂಪ್ಯೂಟರಿನಲ್ಲಿ ಅಳಿಸುವುದನ್ನು ನೋಡುವುದಕ್ಕಿಂತ ಸುಲಭ.

ಧ್ವನಿ ನಿರೂಪಣೆಯ ವಿಷಯದಲ್ಲಿ ನನಗೆ ತುಂಬ ಸಿಟ್ಟು ಬಂದಿತ್ತು. ಅಜ್ಜಿಯೊಬ್ಬರು ಹೇಳಿದ ಮಾತುಗಳ ಮೇಲೆ ಶುದ್ಧ ಕನ್ನಡದ ನಿರೂಪಣೆ ಹಾಕೋಣ, ಬೆಂಗಳೂರು, ಮೈಸೂರು ಕಡೆಯವರಿಗೆ ತಿಳಿಯಬೇಕಲ್ಲ ಅಂತ ಸಲಹೆ ಬಂತು. ಅವರ ಮಾತೇ ಕನ್ನಡ. "ಕೊಂಡಿ ಹಾಕೋದ ಕಲೀಬೇಕಂದ್ರ ಮದ್ಲ ಕುಂದ್ರಾಕ ಕಲೀಬೇಕು" ಅಂತ ಅವರು ಹೇಳುವಾಗ ಆ ದನಿ, ಆ ನಿಲುಗಡೆ ಬೇಕು. ಕೊನೆಗೆ ಅವರ ಮಾತು ಹಾಗೇ ಉಳಿಯಿತು, ಕೆಳಗೆ ಅಕ್ಷರದಲ್ಲಿ ಸಾಲು ಹಾಕಿದೆವು.

ಆ ಅಕ್ಷರಗಳು ಇನ್ನೊಂದು ಪಾಠ ಕಲಿಸಿದವು. ನಾವು ಬಳಸಿದ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಕನ್ನಡ ಟೈಪ್ ಮಾಡಿದರೆ ಒತ್ತಕ್ಷರ ಒಡೆಯುತ್ತಿತ್ತು. 'ಮಗ್ಗ' ಅಂತ ಹೊಡೆದರೆ 'ಮಗ್‌ಗ' ಅಂತ ಬರುತ್ತಿತ್ತು. 'ಕೊಂಡಿ'ಯ ಕೊಂಬು ಎಲ್ಲೋ, ಅಕ್ಷರ ಎಲ್ಲೋ. ಕನ್ನಡ ಟೈಪಿಂಗ್ ಸಾಫ್ಟ್‌ವೇರ್ 'ನುಡಿ'ಯ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿಗೆ ಪರಿವರ್ತಿಸಿ ಹಾಕುವುದು ಪ್ರಿಂಟಿಂಗ್ ಅಂಗಡಿಯವರ ಹಳೆಯ ದಾರಿ. ಅದನ್ನೂ ನೋಡಿದೆವು, ಆದರೆ ತಿದ್ದುಪಡಿ ಬಂದಾಗಲೆಲ್ಲ ಮತ್ತೆ ಪರಿವರ್ತಿಸಬೇಕು. ಕೊನೆಗೆ ಶೀರ್ಷಿಕೆ ಮತ್ತು ಹೆಸರುಗಳನ್ನು ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ಸಾಫ್ಟ್‌ವೇರಿನಲ್ಲಿ, ನೋಟೋ ಅನ್ನುವ ಫಾಂಟಿನಲ್ಲಿ ಬರೆದು, ಹಿನ್ನೆಲೆ ಇಲ್ಲದ ಚಿತ್ರವಾಗಿ ತೆಗೆದು ವಿಡಿಯೋ ಮೇಲೆ ಕೂರಿಸಿದೆವು. ಅಡಿಬರಹದ ಪ್ರತಿ ಸಾಲಿಗೂ ಹಾಗೇ ಮಾಡಬೇಕಾಯಿತು. ಇದಕ್ಕೆ ಹಿಡಿದ ಹೊತ್ತು ನೆನೆದರೆ ಈಗಲೂ ಬೇಜಾರಾಗುತ್ತದೆ. ಕನ್ನಡದಲ್ಲಿ ಕೆಲಸ ಮಾಡುವ ವಿದ್ಯಾರ್ಥಿಗೆ ಈ ಹೆಚ್ಚುವರಿ ಹೊರೆ ಇರಬಾರದು. ಶೂಟಿಂಗ್ ಶುರುಮಾಡುವ ಮೊದಲೇ ನಿಮ್ಮ ಸಾಫ್ಟ್‌ವೇರಿನಲ್ಲಿ 'ಅಕ್ಷರ', 'ಕರ್ನಾಟಕ', 'ಸ್ವಾತಂತ್ರ್ಯ' ಅಂತ ಮೂರು ಪದ ಹೊಡೆದು ನೋಡಿ. ಸರಿ ಬಂದರೆ ಮುಂದುವರಿಯಿರಿ.

ಹಿನ್ನೆಲೆ ಸಂಗೀತಕ್ಕೆ ಸಿನಿಮಾ ಹಾಡು ಹಾಕುವ ಮಾತೂ ಇತ್ತು. ಯೂಟ್ಯೂಬಿಗೆ ಹಾಕಿದರೆ ಹಕ್ಕುದಾರರ ತಕರಾರು ತಾನಾಗಿ ಬರುತ್ತದೆ, ಹಾಗಾಗಿ ಬಿಟ್ಟೆವು. ಮಗ್ಗದ ಸದ್ದೇ ಸಾಕಾಯಿತು.

ಅಂಕದ ವಿಷಯ ಬಂದಾಗ ನಾವು ಒಂದು ಹಾಳೆ ಬರೆದು ವಿಭಾಗಕ್ಕೆ ಕೊಟ್ಟೆವು. ಯಾರು ಯಾವ ಕೆಲಸ ಮಾಡಿದರು, ಒಬ್ಬೊಬ್ಬರದ್ದೂ, ಉಳಿದ ಐವರೂ ಸಹಿ ಹಾಕಿ. ಅದರಲ್ಲಿ ಟೈಪ್ ಮಾಡಿದ್ದು, ಬಸ್ ಹೊಂದಿಸಿದ್ದು, ಮೈಕ್ ಹಾಕಲು ಸಹಾಯ ಮಾಡಿದ್ದು, ಫೈಲ್ ನಕಲು ಮಾಡಿದ್ದು ಎಲ್ಲ ಇತ್ತು. ಮೌಖಿಕ ಪರೀಕ್ಷೆಯಲ್ಲಿ ಅದನ್ನೇ ಹಿಡಿದು ಪ್ರಶ್ನೆ ಕೇಳಿದರು. ಅಂಗಡಿಯ ಗೆಳೆಯನಿಗೆ, ಈ ಮಾತನ್ನು ವಿಡಿಯೋದಲ್ಲಿ ಯಾಕೆ ಬಿಟ್ಟಿರಿ ಅಂತ ಕೇಳಿದಾಗ ಅವನು ಎಲ್ಲರಿಗಿಂತ ಚೆನ್ನಾಗಿ ಉತ್ತರ ಕೊಟ್ಟ. ಇಡೀ ಸಂದರ್ಶನ ಅವನ ಬಾಯಲ್ಲೇ ಇತ್ತು.

ಪರೀಕ್ಷೆ ಮುಗಿದ ಮೇಲೆ ಇಳಕಲ್‌ಗೆ ಹೋಗಿ ಆ ಮನೆಯಲ್ಲೇ ಲ್ಯಾಪ್‌ಟಾಪ್ ಇಟ್ಟು ತೋರಿಸಿದೆವು. ಓಣಿಯ ಹೆಂಗಸರೂ ಬಂದು ಕೂತರು. ಅಕ್ಕ ತಮ್ಮ ಕೈಯನ್ನು ನೋಡಿ ಗುರುತು ಹಿಡಿದು, ಹುಬ್ಬಳ್ಳಿಯಲ್ಲಿರುವ ಮಗನಿಗೆ ಕಳಿಸಲು ಬರುತ್ತದಾ ಅಂತ ಕೇಳಿದರು. ಸಣ್ಣ ಫೈಲ್ ಮಾಡಿ ಅವರ ಫೋನಿಗೇ ಹಾಕಿಕೊಟ್ಟೆವು. ಹಿರಿಯ ನೇಕಾರರು ಪೂರ್ತಿ ನೋಡಿ, "ಚಲೋ ಆಗೇತಿ. ಖರೇ ಹಾಸು ಹಾಕೋದು, ಬಣ್ಣ ಹಾಕೋದು ಎಲ್ಲ ಉಳೀತಲ್ಲ. ಅದಕ್ಕ ಬ್ಯಾರೆ ಒಂದ ತಗೀರಿ" ಅಂದರು.

ಅದನ್ನು ನಮ್ಮ ಕಿರಿಯ ತಂಡದವರು ಒಪ್ಪಿಕೊಂಡಿದ್ದಾರೆ. ನನ್ನ ನೋಟ್‌ಬುಕ್, ಬಳಸದೆ ಉಳಿದ ಸಂದರ್ಶನಗಳು, ಆ ಕಾಲರ್ ಮೈಕ್ ಎಲ್ಲ ಅವರ ಕೈಗೆ ಕೊಟ್ಟಿದ್ದೇವೆ. ಹೋದ ವಾರ ಅವರ ಮೊದಲ ಮೀಟಿಂಗಿಗೆ ನನ್ನನ್ನೂ ಕರೆದಿದ್ದರು. ಧ್ವನಿ ಯಾರು ನೋಡಿಕೊಳ್ತೀರಿ ಅಂತ ಮೊದಲು ಕೇಳಿದೆ. ಇಬ್ಬರು ಕೈ ಎತ್ತಿದರು.